ಒಂದು ಬಾವಿ, ಹಲವು ಶಾಸ್ತ್ರಗಳು

ಪ್ರಾಥಮಿಕ ಶಾಲೆ ಮುಗಿಸಿ ಪ್ರೌಢಶಾಲೆಗೆ ಬರುವ ಮಕ್ಕಳಿಗೆ ಹದಿಮೂರು ವರ್ಷ ತುಂಬಿರುತ್ತದೆ ಅಥವಾ ತುಂಬುವುದರಲ್ಲಿರುತ್ತದೆ. ಏಳನೇ ತರಗತಿಯವರೆಗೆ ಅವರ ಪಾಲಿಗೆ ವಿಜ್ಞಾನವೆಂದರೆ ಒಂದೇ ವಿಷಯ. ಎಲೆ, ಆಯಸ್ಕಾಂತ, ಉಸಿರಾಟ, ಚಂದ್ರ ಎಲ್ಲವೂ ಒಂದರ ಹಿಂದೆ ಒಂದು ಬಂದು ಹೋಗುತ್ತವೆ. ಎಂಟನೇ ತರಗತಿಗೆ ಕಾಲಿಟ್ಟ ಕೂಡಲೇ ದೊಡ್ಡ ದೊಡ್ಡ ಹೆಸರುಗಳು ಎದುರಾಗುತ್ತವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ. ಜೀವಶಾಸ್ತ್ರದೊಳಗೆ ಮತ್ತೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಇವುಗಳ ಆಚೆಗೆ ಖಗೋಳಶಾಸ್ತ್ರ, ಭೂವಿಜ್ಞಾನ, ಹವಾಮಾನಶಾಸ್ತ್ರ. ನಮ್ಮ ಕರಾವಳಿಯ ಮಕ್ಕಳು ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ ಆಡುತ್ತಾರೆ. ಅವರಿಗೆ ಪುಸ್ತಕದ ಕನ್ನಡವೇ ಎರಡನೆಯ ಭಾಷೆ. ಅದರ ಮೇಲೆ ಈ ಶಾಸ್ತ್ರಗಳ ಹೊರೆಯೂ ಬಿದ್ದಾಗ ಎಷ್ಟೋ ಮಕ್ಕಳು ಮನಸ್ಸಿನೊಳಗೇ ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ: ಇದು ನನ್ನಂಥವರಿಗೆ ಹೇಳಿದ್ದಲ್ಲ.

ಈ ತೀರ್ಮಾನದ ಪರಿಣಾಮ ನಮಗೆ ಕಾಣುವುದು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ. ಪಿಯುಸಿಗೆ ಯಾವ ವಿಭಾಗ ಎಂದು ಕೇಳಿದರೆ ‘ಸಯನ್ಸ್ ಬೇಡ ಟೀಚರ್, ಕಷ್ಟ’ ಎನ್ನುವ ಉತ್ತರ ಸಿದ್ಧವಾಗಿರುತ್ತದೆ. ವಾಣಿಜ್ಯವನ್ನೋ ಕಲೆಯನ್ನೋ ಇಷ್ಟಪಟ್ಟು ಆರಿಸಿಕೊಳ್ಳುವ ಮಕ್ಕಳ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಭಯದಿಂದ ಓಡಿಹೋಗುವವರ ಬಗ್ಗೆ ಮಾತ್ರ ನನಗೆ ಸಂಕಟ. ಅವರಲ್ಲಿ ಹೆಣ್ಣುಮಕ್ಕಳು, ಬಡವರ ಮನೆಯ ಮಕ್ಕಳು, ಮನೆಯಲ್ಲಿ ಮೊದಲ ಬಾರಿಗೆ ಹೈಸ್ಕೂಲು ಮೆಟ್ಟಿಲು ಹತ್ತಿದವರು ಹೆಚ್ಚು. ಈ ಭಯ ಹುಟ್ಟುವುದು ಎಂಟನೇ ತರಗತಿಯ ಮೊದಲ ಕೆಲವು ವಾರಗಳಲ್ಲಿ ಎಂಬುದು ನನ್ನ ಅನುಭವ.

ಕರಾವಳಿಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಕಲಿಸಿ ಈಗ ನಿವೃತ್ತಳಾಗಿದ್ದೇನೆ. ಜೂನ್ ತಿಂಗಳ ಮೊದಲ ಪಾಠದಲ್ಲಿ ವ್ಯಾಖ್ಯೆಗಳನ್ನು ಬರೆಸುವುದು ಸಾಮಾನ್ಯ ಪದ್ಧತಿ. ‘ದ್ರವ್ಯ ಮತ್ತು ಶಕ್ತಿಯ ಅಧ್ಯಯನವೇ ಭೌತಶಾಸ್ತ್ರ’ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ. ಆ ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ ದ್ರವ್ಯವನ್ನೂ ಶಕ್ತಿಯನ್ನೂ ಯಾರಾದರೂ ಯಾಕೆ ಅಧ್ಯಯನ ಮಾಡಬೇಕು ಎಂಬ ಪ್ರಶ್ನೆಯೇ ಹುಟ್ಟದ ಮಗುವಿಗೆ ಆ ವಾಕ್ಯ ಏನನ್ನೂ ಕೊಡುವುದಿಲ್ಲ. ಹಾಗಾಗಿ ನಾನು ಮೊದಲ ಪಾಠಕ್ಕೆ ಮಕ್ಕಳನ್ನು ಶಾಲೆಯ ಹಿಂದಿದ್ದ ಬಾವಿಯ ಕಟ್ಟೆಗೆ ಕರೆದೊಯ್ಯುತ್ತಿದ್ದೆ. ಬಾವಿಯೊಳಗಿನ ಕಪ್ಪೆಗೆ ಲೋಕ ಗೊತ್ತಿಲ್ಲ ಎನ್ನುತ್ತೇವೆ. ಬಾವಿಯನ್ನು ಸರಿಯಾಗಿ ನೋಡಿದರೆ ಲೋಕದ ಬಹುಪಾಲು ಅದರೊಳಗೇ ಕಾಣುತ್ತದೆ.

ನಿಯಮ ಒಂದೇ. ಪ್ರತಿಯೊಬ್ಬರೂ ಬಾವಿಯ ಬಗ್ಗೆ ಒಂದು ಪ್ರಶ್ನೆ ಕೇಳಬೇಕು. ಉತ್ತರ ಯಾರೂ ಹೇಳಕೂಡದು, ನಾನೂ ಹೇಳುವುದಿಲ್ಲ. ಮೊದಲ ಹತ್ತು ನಿಮಿಷ ನಗು, ಪಿಸುಮಾತು. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಡುತ್ತಾರೆ. ಕೊಡಪಾನ ನೀರಿನೊಳಗೆ ಇರುವಾಗ ಹಗುರ, ಮೇಲೆ ಬಂದ ಕೂಡಲೇ ಭಾರ, ಯಾಕೆ? ಪಂಪನ್ನು ಕಟ್ಟೆಯ ಮೇಲೆ ಇಡದೆ ಬಾವಿಯ ಒಳಗೆ ಯಾಕೆ ಇಳಿಸಿದ್ದಾರೆ? ಎಳೆದಾಗ ತಿಳಿಯಾಗಿದ್ದ ನೀರು ರಾತ್ರಿ ಕಳೆಯುವಷ್ಟರಲ್ಲಿ ಪಾತ್ರೆಯ ತಳದಲ್ಲಿ ಕೆಂಪಗೆ ಕೂರುವುದು ಯಾಕೆ? ಕಲ್ಲಿನ ಸಂದಿಯಲ್ಲಿ ಜರಿಗಿಡ ಹೇಗೆ ಹುಟ್ಟಿತು? ಇಷ್ಟೆಲ್ಲ ಮಳೆ ಬರುವ ಊರಿನಲ್ಲಿ ಮೇ ತಿಂಗಳಲ್ಲಿ ಬಾವಿ ಬತ್ತುವುದು ಯಾಕೆ?

ತರಗತಿಗೆ ಮರಳಿ ಪ್ರಶ್ನೆಗಳನ್ನೆಲ್ಲ ಕರಿಹಲಗೆಯ ಮೇಲೆ ಬರೆದು, ಒಂದೇ ಜಾತಿಯವನ್ನು ಒಟ್ಟುಗೂಡಿಸಲು ಹೇಳುತ್ತಿದ್ದೆ. ಮಕ್ಕಳು ಯಾರ ಸಹಾಯವೂ ಇಲ್ಲದೆ ನಾಲ್ಕೈದು ಗುಂಪು ಮಾಡಿಬಿಡುತ್ತಿದ್ದರು. ಹೆಸರುಗಳು ಬರುತ್ತಿದ್ದುದು ಕೊನೆಯಲ್ಲಿ.

ಭಾರ, ಎಳೆತ, ಬೆಳಕು, ಶಬ್ದದ ಪ್ರಶ್ನೆಗಳ ಗುಂಪಿಗೆ ಭೌತಶಾಸ್ತ್ರ ಎಂಬ ಹೆಸರು. ಮುಳುಗಿದ ಕೊಡಪಾನವನ್ನು ನೀರು ಮೇಲಕ್ಕೆ ಒತ್ತುತ್ತದೆ, ಆದ್ದರಿಂದ ಅದು ಹಗುರವೆನಿಸುತ್ತದೆ. ಇದನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಆರ್ಕಿಮಿಡೀಸ್ ಲೆಕ್ಕಕ್ಕೆ ಇಳಿಸಿದ. ರಾಟೆಯಿಂದ ಭಾರ ಕಡಿಮೆಯಾಗುತ್ತದೆ ಎಂದು ಮಕ್ಕಳೆಲ್ಲ ನಂಬಿರುತ್ತಾರೆ. ಒಂಟಿ ರಾಟೆ ಭಾರವನ್ನು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಎಳೆಯಲು ಅನುವು ಮಾಡುತ್ತದೆ, ನಮ್ಮ ಮೈಭಾರವೇ ನಮ್ಮ ನೆರವಿಗೆ ಬರುತ್ತದೆ. ಪಂಪಿನ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಪಂಪು ನೀರನ್ನು ಹೀರುತ್ತದೆ ಎಂದು ನಾವು ಹೇಳುತ್ತೇವೆ. ನಿಜದಲ್ಲಿ ನೀರನ್ನು ಮೇಲಕ್ಕೆ ತಳ್ಳುವುದು ನಮ್ಮ ಸುತ್ತಲಿನ ಗಾಳಿಯ ಒತ್ತಡ. ಆ ಒತ್ತಡಕ್ಕೆ ಸುಮಾರು 10 ಮೀಟರ್‌ಗಿಂತ ಎತ್ತರಕ್ಕೆ ನೀರನ್ನು ತಳ್ಳುವ ಶಕ್ತಿಯಿಲ್ಲ. ಇಟಲಿಯ ಟಾರಿಚೆಲ್ಲಿ 1643ರಲ್ಲಿ ಪಾದರಸ ಬಳಸಿ ಈ ಗುಟ್ಟನ್ನು ಬಿಡಿಸಿದ. ನಮ್ಮ ಬಾವಿಗೆ ಒಂದು ಸಣ್ಣ ಕಲ್ಲು ಬಿಟ್ಟರೆ ಬೇಸಿಗೆಯ ಕೊನೆಯಲ್ಲಿ ನೀರು ಮುಟ್ಟಲು ಸುಮಾರು ಒಂದೂವರೆ ಸೆಕೆಂಡು. ಸೆಕೆಂಡಿನ ವರ್ಗವನ್ನು 5ರಿಂದ ಗುಣಿಸಿದರೆ ಸುಮಾರು 11 ಮೀಟರ್. ಕಟ್ಟೆಯ ಮೇಲಿಟ್ಟ ಪಂಪಿಗೆ ಆ ನೀರು ಎಟುಕುವುದಿಲ್ಲ. ಪಂಪನ್ನು ಇಳಿಸಿದ ಕೆಲಸಗಾರ ಟಾರಿಚೆಲ್ಲಿಯ ಹೆಸರು ಕೇಳಿರಲಿಕ್ಕಿಲ್ಲ, ಆದರೆ ಅವನ ಕೆಲಸದಲ್ಲಿ ಭೌತಶಾಸ್ತ್ರ ಇತ್ತು. ಅಳೆಯುವುದಕ್ಕೆ ಬೇಕಾದ ಗಣಿತವೂ ಹೀಗೆ ಬಾವಿಯಲ್ಲೇ ಸಿಕ್ಕಿತು.

ಒಂದು ವಸ್ತು ಇನ್ನೊಂದಾಗಿ ಬದಲಾಗುವ ಪ್ರಶ್ನೆಗಳು ರಸಾಯನಶಾಸ್ತ್ರದವು. ನೆಲದೊಳಗೆ ನೀರಿನಲ್ಲಿ ಕರಗಿದ್ದ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ. ಹೊರಗಿನ ಗಾಳಿಯ ಆಮ್ಲಜನಕ ಸೇರಿದಾಗ ಅದು ಕೆಂಪು ಪುಡಿಯಾಗಿ ತಳ ಸೇರುತ್ತದೆ. ಬೀರುವಿಗೆ ಹಿಡಿಯುವ ತುಕ್ಕಿಗೂ ಇದಕ್ಕೂ ಹತ್ತಿರದ ನೆಂಟಸ್ತನ. ಕೆಲವು ಬಾವಿಯ ನೀರಿನಲ್ಲಿ ಸಾಬೂನು ನೊರೆ ಕೊಡದಿರುವುದು, ಮಳೆಗಾಲದಲ್ಲಿ ಬ್ಲೀಚಿಂಗ್ ಪೌಡರ್ ಹಾಕುವುದು ಇದೇ ಗುಂಪಿಗೆ ಸೇರಿದವು.

ಜರಿಗಿಡ, ಕಪ್ಪೆ, ಸೊಳ್ಳೆಮರಿ, ಮೀನುಗಳ ಪ್ರಶ್ನೆಗಳು ಜೀವಶಾಸ್ತ್ರಕ್ಕೆ ಹೋದವು. ಜರಿಗಿಡಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ. ಗಾಳಿಯಲ್ಲಿ ತೇಲಿ ಬರುವ ದೂಳಿನಂಥ ಬೀಜಕಣದಿಂದ ಅದು ಹುಟ್ಟುತ್ತದೆ; ತೇವವೂ ನೆರಳೂ ಇರುವ ಬಾವಿಯ ಗೋಡೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮಲೇರಿಯಾದ ಕಾಟ ಬಹಳ ಕಂಡ ಮಂಗಳೂರಿನ ಕಡೆಯ ಮಕ್ಕಳಿಗೆ ಬಾವಿಗೆ ಮೀನು ಬಿಡುವುದು ಯಾಕೆಂದು ಹೇಳಬೇಕಾಗಿಲ್ಲ. ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಜೀವಿಯನ್ನು ರೊನಾಲ್ಡ್ ರಾಸ್ ಮೊದಲು ಕಂಡದ್ದು ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ, 1897ರ ಆಗಸ್ಟ್ 20ರಂದು ಎಂದಾಗ ಅವರ ಕಣ್ಣು ಅರಳುತ್ತಿತ್ತು.

ಬಾವಿ ತೋಡುವಾಗ ನೋಡಿದ ಮಗುವಿಗೆ ಭೂವಿಜ್ಞಾನ ಗೊತ್ತಿಲ್ಲ ಎನ್ನುವಂತಿಲ್ಲ. ಮೇಲೆ ಕೆಂಪುಕಲ್ಲು, ಕೆಳಗೆ ಮೆತ್ತನೆಯ ಶೇಡಿ ಮಣ್ಣು, ಅದರ ಕೆಳಗೆ ಗಟ್ಟಿ ಶಿಲೆ. ಲಕ್ಷಾಂತರ ವರ್ಷ ಬಿಸಿಲು ಮಳೆಗಳು ಬಂಡೆಯ ಸತ್ವವನ್ನು ತೊಳೆದು, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಅಂಶ ಉಳಿಸಿಹೋದದ್ದೇ ಈ ಕೆಂಪುಕಲ್ಲು. ನಾವು ಮನೆ ಕಟ್ಟುವ ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಬಂದದ್ದು 1807ರಲ್ಲಿ ಫ್ರಾನ್ಸಿಸ್ ಬುಕನನ್ ಬರೆದ ಪ್ರವಾಸಗ್ರಂಥದಿಂದ. ಅವನು ಅದನ್ನು ಗಮನಿಸಿದ್ದು ಮಲಬಾರಿನ ಅಂಗಾಡಿಪುರಂನಲ್ಲಿ. ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವ ಒಂದು ಹೆಸರು ನಮ್ಮ ಪಡುಕರಾವಳಿಯ ಕಲ್ಲಿನದು! ಈ ಕಲ್ಲು ತೂತು ತೂತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೂ ನೀರು ಅದರೊಳಗೆ ಇಳಿದು ಇಳಿಜಾರಿನಲ್ಲಿ ಸಮುದ್ರದತ್ತ ಜಾರಿಹೋಗುತ್ತದೆ. ಮಳೆಯೋ ನಾಲ್ಕು ತಿಂಗಳಲ್ಲಿ ಮುಗಿದುಬಿಡುತ್ತದೆ. ಮೇ ತಿಂಗಳಲ್ಲಿ ಬತ್ತುವ ಬಾವಿಯನ್ನು ಅರ್ಥ ಮಾಡಿಕೊಳ್ಳಲು ಭೂವಿಜ್ಞಾನವೂ ಹವಾಮಾನಶಾಸ್ತ್ರವೂ ಜೊತೆಗೂಡಬೇಕು.

ಇನ್ನು ಖಗೋಳ. ಬಾವಿಗೂ ಆಕಾಶಕ್ಕೂ ಏನು ಸಂಬಂಧ ಎಂದು ಕೇಳಿದರೆ ಎರಟೋಸ್ತನೀಸನ ಕಥೆ ಹೇಳುತ್ತಿದ್ದೆ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದ ಗ್ರಂಥಾಲಯದ ಮುಖ್ಯಸ್ಥನಾಗಿದ್ದವನು ಈತ. ದಕ್ಷಿಣದ ಸಿಯೀನ್ ಊರಿನಲ್ಲಿ ವರ್ಷದ ಅತಿ ದೀರ್ಘ ಹಗಲಿನ ನಡುಮಧ್ಯಾಹ್ನ ಸೂರ್ಯನ ಬೆಳಕು ಬಾವಿಯ ತಳವನ್ನೇ ಮುಟ್ಟುತ್ತದೆ ಎಂದು ಅವನು ತಿಳಿದ. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯದಲ್ಲಿ ಕಂಬಕ್ಕೆ ನೆರಳಿತ್ತು. ಆ ನೆರಳಿನ ಕೋನ ವೃತ್ತದ ಐವತ್ತನೇ ಒಂದು ಭಾಗ. ಹಾಗಾದರೆ ಭೂಮಿಯ ಸುತ್ತಳತೆ ಎರಡೂ ಊರುಗಳ ನಡುವಿನ ದೂರದ ಐವತ್ತು ಪಟ್ಟು! ಊರು ಬಿಟ್ಟು ಕದಲದೆ ಒಬ್ಬ ಮನುಷ್ಯ ಭೂಮಿಯನ್ನೇ ಅಳೆದ. ಹದಿಮೂರನೆಯ ವಯಸ್ಸಿಗೆ ಇದಕ್ಕಿಂತ ದೊಡ್ಡ ರೋಮಾಂಚನ ಬೇರೆ ಯಾವುದಿದೆ?

ಇಷ್ಟಾದ ಮೇಲೆ ಒಂದು ಪ್ರಶ್ನೆ ಯಾವ ಗುಂಪಿಗೂ ಸೇರದೆ ಉಳಿದುಬಿಡುತ್ತಿತ್ತು. ಒಂದು ವರ್ಷ ಸಮುದ್ರದ ಬದಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಕೇಳಿದಳು: “ಟೀಚರ್, ಏಪ್ರಿಲ್ ಬಂದರೆ ನಮ್ಮ ಬಾವಿಯ ನೀರು ಉಪ್ಪಾಗುತ್ತದೆ. ಗುಡ್ಡೆಯ ಮೇಲಿನ ಮಸೀದಿಯ ಬಾವಿಯದ್ದು ಆಗುವುದಿಲ್ಲ. ಉಮ್ಮ ದಿನಾ ಅಲ್ಲಿಂದ ಹೊತ್ತು ತರುತ್ತಾರೆ. ಯಾಕೆ ಹಾಗೆ?” ಇದನ್ನು ಯಾವ ಶಾಸ್ತ್ರಕ್ಕೆ ಹಾಕಬೇಕೆಂದು ಮಕ್ಕಳ ನಡುವೆ ಜಗಳವೇ ಆಯಿತು. ಉಪ್ಪು ಎಂದ ಮೇಲೆ ರಸಾಯನ ಎಂದರು ಕೆಲವರು. ನೆಲದ ವಿಷಯ, ಭೂವಿಜ್ಞಾನ ಎಂದರು ಕೆಲವರು.

ಉತ್ತರಕ್ಕೆ ಎಲ್ಲವೂ ಬೇಕಾಯಿತು. ಒಂದು ಲೀಟರ್ ಸಿಹಿನೀರು ಒಂದು ಕಿಲೋ ತೂಗಿದರೆ ಅಷ್ಟೇ ಸಮುದ್ರದ ನೀರು ಸುಮಾರು 25 ಗ್ರಾಂ ಹೆಚ್ಚು ತೂಗುತ್ತದೆ. ಆದ್ದರಿಂದ ಕಡಲ ಬದಿಯ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಸಮುದ್ರಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ ಎಂಬುದು ಲೆಕ್ಕ. ಮೇಲಿನ ಒಂದು ಅಡಿಯನ್ನು ಎಳೆದು ಖಾಲಿ ಮಾಡಿದರೆ ಕೆಳಗಿನ ಉಪ್ಪುನೀರು ಕ್ರಮೇಣ ಸುಮಾರು 40 ಅಡಿ ಮೇಲಕ್ಕೆ ಏರತೊಡಗುತ್ತದೆ. ಮಳೆಯಿಲ್ಲದ ಬೇಸಿಗೆಯಲ್ಲಿ ಅಕ್ಕಪಕ್ಕದ ಪಂಪುಗಳು ದಿನವಿಡೀ ಓಡಿದರೆ ನಷ್ಟ ಎಲ್ಲರಿಗೂ. ಗುಡ್ಡೆಯ ಬಾವಿ ಎತ್ತರದಲ್ಲಿರುವುದರಿಂದ ಅಲ್ಲಿಗೆ ಉಪ್ಪು ತಲುಪುವುದಿಲ್ಲ. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಮಳೆನೀರನ್ನು ಬಾವಿಗೆ ಇಳಿಸಿದರೆ ಉಪ್ಪು ಕೆಳಗೆ ಹೋಗುತ್ತದಾ?” ಎಂದಳು. ಬಾವಿಯ ಸುತ್ತ ಇಂಗುಗುಂಡಿ ಮಾಡಿ ಎನ್ನುವ ತಜ್ಞರೂ ಹೇಳುವುದು ಅದನ್ನೇ. ತಾಯಿಯ ಸೊಂಟದ ಮೇಲಿನ ಕೊಡಪಾನದ ಪ್ರಶ್ನೆಯಾಗಿ ಬಂದ ವಿಜ್ಞಾನ ಆ ಮಗುವಿಗೆ ಪರಕೀಯ ಅನಿಸಲಿಲ್ಲ.

ಶಾಖೆಗಳ ಬಗ್ಗೆ ಮಕ್ಕಳಿಗೆ ಹೇಳಬೇಕಾದ ಮುಖ್ಯ ಮಾತು ಇದೇ. ಪ್ರಕೃತಿ ತನ್ನನ್ನು ಭೌತ, ರಸಾಯನ, ಜೀವ ಎಂದು ಭಾಗ ಮಾಡಿಕೊಂಡಿಲ್ಲ. ತಿಳಿಯಬೇಕಾದದ್ದು ಬಹಳ ಇದೆ, ಒಬ್ಬರಿಂದ ಆಗುವುದಿಲ್ಲ ಎಂದು ನಾವು ಕೆಲಸ ಹಂಚಿಕೊಂಡಿದ್ದೇವೆ, ಅಷ್ಟೇ. ಹಂಚಿಕೊಂಡವರೆಲ್ಲರಿಗೂ ಇರುವ ಒಂದೇ ಕಟ್ಟಳೆ ‘ನಿನಗೆ ಹೇಗೆ ಗೊತ್ತು?’ ಎಂಬ ಪ್ರಶ್ನೆ.

ಇದಕ್ಕೂ ಒಂದು ನೀರಿನ ಕಥೆಯೇ ಸಿಗುತ್ತದೆ. 1854ರಲ್ಲಿ ಲಂಡನ್ನಿನ ಸೋಹೊ ಬಡಾವಣೆಯಲ್ಲಿ ಕಾಲರಾ ಬಂದು ಕೆಲವೇ ವಾರಗಳಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದು ಆಗ ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯ ಮನೆಮನೆಗೆ ಹೋಗಿ ವಿಚಾರಿಸಿದ, ಸಾವುಗಳನ್ನು ಭೂಪಟದಲ್ಲಿ ಗುರುತು ಮಾಡಿದ. ಅವು ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನ ಸುತ್ತ ಕಿಕ್ಕಿರಿದಿದ್ದವು. ಪಂಪಿನ ಹಿಡಿಯನ್ನು ತೆಗೆಸಲಾಯಿತು. ರಾಬರ್ಟ್ ಕಾಕ್ ಕಾಲರಾ ರೋಗಾಣುವನ್ನು ಗುರುತಿಸಿದ್ದು ಅದಾಗಿ ಸುಮಾರು ಮೂವತ್ತು ವರ್ಷಗಳ ನಂತರ, ಈಜಿಪ್ಟ್ ಮತ್ತು ಕಲ್ಕತ್ತಾದಲ್ಲಿ. ರೋಗಾಣು ಗೊತ್ತಿಲ್ಲದಾಗಲೂ ಎಣಿಸಿ, ಹೋಲಿಸಿ, ವಿಚಾರಿಸಿ ಸತ್ಯದ ಹತ್ತಿರ ಬರಬಹುದು ಎಂಬುದಕ್ಕೆ ಇದೊಂದು ಸಾಕ್ಷಿ.

ಈ ಪಾಠ ಎಷ್ಟು ಬೆಲೆಬಾಳುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು 2017ರ ಫೆಬ್ರುವರಿಯಲ್ಲಿ. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ನಮ್ಮ ರಾಜ್ಯದಲ್ಲಿ ಆಗ ಶುರುವಾಗಿತ್ತು. ಅದರ ಬೆನ್ನಿಗೇ ವಾಟ್ಸಾಪಿನಲ್ಲಿ ಗಾಳಿಸುದ್ದಿಗಳೂ ಹೊರಟವು. ತರಗತಿಯಲ್ಲಿ ಒಬ್ಬಳು ತಲೆ ತಗ್ಗಿಸಿಕೊಂಡೇ ಕೇಳಿದಳು: “ಟೀಚರ್, ಈ ಇಂಜೆಕ್ಷನ್ ತೆಗೆದುಕೊಂಡರೆ ಮುಂದೆ ಮಕ್ಕಳಾಗುವುದಿಲ್ಲವಂತೆ, ಹೌದಾ?” ಸುಳ್ಳು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ನನ್ನ ಮಾತನ್ನು ಅವರು ಯಾಕೆ ನಂಬಬೇಕು? ಹಾಗಾಗಿ ಬಾವಿಕಟ್ಟೆಯ ಪ್ರಶ್ನೆಯನ್ನೇ ಕೇಳಿದೆ: ಇದು ನಿಜವೋ ಸುಳ್ಳೋ ಎಂದು ತಿಳಿಯಲು ಏನೇನು ವಿಚಾರಿಸಬೇಕು? ಮಕ್ಕಳೇ ಪಟ್ಟಿ ಮಾಡಿದರು. ಸಂದೇಶ ಬರೆದವರು ಯಾರು? ಅವರಿಗೆ ಹೆಸರಿದೆಯೇ? ಅವರು ಸ್ವತಃ ನೋಡಿದ್ದಾರೆಯೇ? ಈ ಲಸಿಕೆಯನ್ನು ಮೊದಲೇ ಪಡೆದ ದೇಶಗಳಲ್ಲಿ ಏನಾಗಿದೆ? ಮರುದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಬಂದು ಉತ್ತರಿಸಿದರು. ಬಸುರಿಗೆ ರುಬೆಲ್ಲಾ ತಗುಲಿದರೆ ಹುಟ್ಟುವ ಮಗುವಿಗೆ ಕಿವುಡುತನ, ಕಣ್ಣಿನ ಪೊರೆ, ಹೃದಯದ ತೊಂದರೆ ಬರಬಹುದು. ಈ ಹುಡುಗಿಯರ ಮುಂದಿನ ಮಕ್ಕಳನ್ನು ಕಾಪಾಡಲೆಂದೇ ಈ ಲಸಿಕೆ ಎಂದು ಅವರು ಹೇಳಿದಾಗ ತರಗತಿ ಮೌನವಾಯಿತು.

ಎರಡು ದಿನ ಬಿಟ್ಟು ಆ ಹುಡುಗಿಯ ತಾಯಿ ಶಾಲೆಗೆ ಬಂದರು. “ನನಗೆ ಓದು ಬರಹ ಇಲ್ಲ ಟೀಚರ್. ಬೇಡ ಅಂತ ನಾನೇ ಹೇಳಿದ್ದೆ. ಯಾರು ಹೇಳಿದ್ದು, ಅವರು ನೋಡಿದ್ದಾರಾ ಅಂತ ಇವಳು ರಾತ್ರಿಯಿಡೀ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ” ಎಂದರು. ಎಲ್ಲ ಹೆತ್ತವರೂ ಒಪ್ಪಿದರು ಎಂದು ನಾನು ಹೇಳಲಾರೆ, ಕೆಲವರು ಒಪ್ಪಲೇ ಇಲ್ಲ. ಆದರೆ ಓದು ಬಾರದ ಆ ತಾಯಿ ಮಗಳ ಪ್ರಶ್ನೆಗೆ ಗೌರವ ಕೊಟ್ಟರು. ಅದು ದೊಡ್ಡ ಮಾತು.

ಮದ್ರಸಕ್ಕೂ ಹೋಗುವ ಮಕ್ಕಳಿಗೆ ಇನ್ನೊಂದು ಸಂತೋಷ ಕಾದಿರುತ್ತಿತ್ತು. ರಸಾಯನಶಾಸ್ತ್ರದ ‘ಆಲ್ಕಲಿ’ ಅರಬಿಯ ‘ಅಲ್ ಕಲೀ’ಯಿಂದ ಬಂದದ್ದು, ಅಂದರೆ ಗಿಡ ಸುಟ್ಟ ಬೂದಿ. ‘ಆಲ್ಕೋಹಾಲ್’ ಪದದ ಮೂಲ ‘ಅಲ್ ಕುಹ್ಲ್’, ಕಣ್ಣಿಗೆ ಹಚ್ಚುವ ಸುರ್ಮಾ! ‘ಆಲ್ಜೀಬ್ರಾ’ ಎಂಬ ಹೆಸರು ಒಂಬತ್ತನೇ ಶತಮಾನದ ಬಗ್ದಾದಿನ ಅಲ್ ಖ್ವಾರಿಝ್ಮಿಯ ಪುಸ್ತಕದ ಹೆಸರಿನಿಂದ ಬಂತು. ಅದೇ ಖ್ವಾರಿಝ್ಮಿ ಭಾರತದ ಅಂಕಿಗಳ ಲೆಕ್ಕವನ್ನು ಅರಬಿಯಲ್ಲಿ ವಿವರಿಸಿದ. ಯುರೋಪಿನವರು ಅವನ್ನು ಅರಬ್ ಅಂಕಿಗಳೆಂದರು, ಅರಬರು ಹಿಂದಿ ಅಂಕಿಗಳೆಂದರು. ಅಲ್ ಬಿರೂನಿ ಇಂದಿನ ಪಾಕಿಸ್ತಾನದಲ್ಲಿರುವ ನಂದನ ಕೋಟೆಯ ಬೆಟ್ಟದ ಮೇಲೆ ನಿಂತು, ದಿಗಂತ ಎಷ್ಟು ಬಾಗಿ ಕಾಣುತ್ತದೆ ಎಂದು ನೋಡಿ ಭೂಮಿಯ ಅಳತೆ ಕಂಡುಹಿಡಿದ. ಅವನು ಸಂಸ್ಕೃತ ಕಲಿತು ಭಾರತದ ಬಗ್ಗೆ ಗ್ರಂಥ ಬರೆದವನು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಥಮ್ ಬೆಳಕು ವಸ್ತುಗಳಿಂದ ಕಣ್ಣಿಗೆ ಬರುತ್ತದೆ ಎಂದು ತೋರಿಸಿದ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ‘ಎಲ್ಲವನ್ನೂ ನಮ್ಮವರೇ ಕಂಡುಹಿಡಿದಿದ್ದರು’ ಎಂಬ ಮಾತು ಎಲ್ಲ ಸಮುದಾಯಗಳಲ್ಲೂ ಇಂದು ಬಹಳ ಕೇಳಿಬರುತ್ತಿದೆ. ಅಂಥ ಹೆಮ್ಮೆಯಿಂದ ಒಂದು ಪ್ರಯೋಗವೂ ನಡೆಯುವುದಿಲ್ಲ. ಇಬ್ನುಲ್ ಹೈಥಮ್ ತನಗಿಂತ ಮೊದಲಿನ ಮಹಾಪಂಡಿತ ಟಾಲೆಮಿಯ ಬಗ್ಗೆ ತನಗಿರುವ ಸಂದೇಹಗಳದ್ದೇ ಒಂದು ಗ್ರಂಥ ಬರೆದ. ನಾವು ಅವನ ವಾರಸುದಾರರೆಂದು ಹೇಳಿಕೊಳ್ಳುವುದಾದರೆ ಆ ಸಂದೇಹಪಡುವ ಧೈರ್ಯವನ್ನು ಮೊದಲು ವಾರಸಾಗಿ ಪಡೆಯಬೇಕು.

ಕನ್ನಡದಲ್ಲಿ ವಿಜ್ಞಾನ ಕಲಿತರೆ ಮುಂದೆ ಬರಲಾಗದು ಎಂಬ ಭಯವೂ ಹೆತ್ತವರಲ್ಲಿದೆ. ಮುಂದೆ ಇಂಗ್ಲಿಷ್ ಬೇಕು, ನಿಜ. ಆದರೆ ಮೊದಲ ಪ್ರಶ್ನೆ ಹುಟ್ಟುವುದು ಮಗು ಆಡುವ ಭಾಷೆಯಲ್ಲಿ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಷ್ಟು ಹಿಂದೆಯೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟ ಸಿದ್ಧಪಡಿಸಿದರು. ನಮ್ಮ ಶಾಲೆಯ ಕಪಾಟಿನಲ್ಲಿದ್ದ ಹಳೆಯ ವಿಜ್ಞಾನ ಪುಸ್ತಕಗಳನ್ನು ಬಾವಿಯ ಪಾಠ ಆದ ವಾರ ಮಕ್ಕಳು ಸರದಿಯಲ್ಲಿ ಒಯ್ಯುತ್ತಿದ್ದರು.

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂದು 1976ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿಸಲಾಗಿದೆ. ಅದು ಪ್ರಯೋಗಶಾಲೆಯಲ್ಲಷ್ಟೇ ಬೆಳೆಯುವುದಿಲ್ಲ. ಅಡುಗೆಮನೆಯಲ್ಲಿ, ಅಂಗಳದಲ್ಲಿ, ಬಸ್ಸಿನಲ್ಲಿ ಮಗು ‘ಯಾಕೆ’ ಎಂದಾಗ ನಾವು ಏನು ಹೇಳುತ್ತೇವೆ ಎಂಬುದರ ಮೇಲೆ ಅದು ನಿಂತಿದೆ. ಉತ್ತರ ಗೊತ್ತಿಲ್ಲದಿದ್ದರೆ ತೊಂದರೆಯಿಲ್ಲ. ‘ಬಾ, ವಿಚಾರಿಸೋಣ’ ಎಂದರೆ ಸಾಕು. ‘ಸುಮ್ಮನಿರು’ ಎನ್ನುವುದು ಬೇಡ.

ಮಕ್ಕಳಿರುವ ಓದುಗರಿಗೆ ಒಂದು ಕೆಲಸ ಕೊಡುತ್ತೇನೆ. ಮಂಗಳೂರು, ಬೆಂಗಳೂರುಗಳ ಅಕ್ಷಾಂಶದಲ್ಲಿ ಏಪ್ರಿಲ್ 24-25ರ ಸುಮಾರಿಗೆ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಉತ್ತರಕ್ಕೆ ಹೋದಂತೆ ಈ ದಿನ ಮುಂದೆ ಹೋಗುತ್ತದೆ, ಬೀದರಿನಲ್ಲಿ ಮೇ ಎರಡನೇ ವಾರ. ಮಂಗಳೂರಿನಲ್ಲಿ ಆಗ ಗಡಿಯಾರ ಸುಮಾರು ಹನ್ನೆರಡೂವರೆ ತೋರಿಸುತ್ತಿರುತ್ತದೆ. ಅಂದು ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿರುವುದಿಲ್ಲ, ಬಿಸಿಲು ಬಾವಿಯ ನೀರಿಗೆ ನೇರವಾಗಿ ಬೀಳುತ್ತದೆ. ಶಾಲೆಗೆ ರಜೆ ಇರುವ ದಿನಗಳು ಅವು. ಮಗುವಿನ ಕೈಯಲ್ಲಿ ಒಂದು ಕೋಲು ಕೊಟ್ಟು ಅಂಗಳಕ್ಕೆ ಕರೆದುಕೊಂಡು ಹೋಗಿ. ಸೂರ್ಯನನ್ನು ನೋಡುವುದು ಬೇಡ, ನೆರಳನ್ನು ನೋಡಿದರೆ ಸಾಕು. ಅದು ಯಾವ ಶಾಸ್ತ್ರ ಎಂದು ಆಗಲೇ ಹೇಳಬೇಡಿ. ಮಗು ಮೊದಲು ಕೇಳಲಿ.